ಲಕೋಟೆಯ ಮರ್ಯಾದೆ

ನಮ್ಮಲ್ಲಿ ಅಂಚೆಯ ಕಾಗದಕ್ಕೆ ಬಹುಕಾಲ ಎರಡು ರೂಪಗಳಿದ್ದವು: ಒಂದು ಕಾರ್ಡು, ಇನ್ನೊಂದು ಲಕೋಟೆ. ಮಳೆ ಬಂದದ್ದು, ಮಗು ಹುಟ್ಟಿದ್ದು, ಊರ ಜಾತ್ರೆಯ ದಿನ ಗೊತ್ತಾದದ್ದು, ಇವೆಲ್ಲ ಕಾರ್ಡಿನಲ್ಲಿ ಬರುತ್ತಿದ್ದವು. ಅಂಚೆಯವನು ಓದಿದರೆ ಓದಲಿ. ಎಷ್ಟೋ ಮನೆಗಳಲ್ಲಿ ಅವನೇ ಓದಿ ಹೇಳಬೇಕಾಗಿತ್ತು. ಆದರೆ ಮಗಳ ಸಂಸಾರದ ಕಷ್ಟ, ಸಾಲದ ಮಾತು, ಅಣ್ಣತಮ್ಮಂದಿರ ಮನಸ್ತಾಪ, ಇವು ಲಕೋಟೆಯೊಳಗೆ ಹೋಗುತ್ತಿದ್ದವು. ಲಕೋಟೆಗೆ ಅಂಟು ಹಚ್ಚಿದವರನ್ನು ಯಾರೂ ಕಳ್ಳರೆಂದು ತಿಳಿಯಲಿಲ್ಲ. ಯಾವುದು ಕಾರ್ಡಿಗೆ, ಯಾವುದು ಲಕೋಟೆಗೆ ಎಂಬ ನಿರ್ಧಾರ ಬರೆದವರದೇ ಆಗಿತ್ತು. ಈ ನಿರ್ಧಾರದ ಹಕ್ಕನ್ನು ಕುರಿತು ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಈಗ ಕಾಗದದ ಸ್ಥಾನವನ್ನು ಮೊಬೈಲಿನ ಸಂದೇಶ ಪಡೆದುಕೊಂಡಿದೆ. ಅದು ಕಾರ್ಡೋ ಲಕೋಟೆಯೋ ಎಂಬುದು ಮಾತ್ರ ಕಳುಹಿಸಿದವರಿಗೇ ತಿಳಿಯದು. ಈ ಪ್ರಶ್ನೆಯನ್ನು ಹಿಡಿದು ಐವತ್ತು ವರ್ಷಗಳಿಂದ ಬಿಡದೆ ವಾದ ಮಾಡುತ್ತ ಬಂದಿರುವುದು ಯೂರೋಪು. ನಾನು ನ್ಯಾಯಶಾಸ್ತ್ರ ಓದಿದವನಲ್ಲ, ಗಣಕಯಂತ್ರದ ಒಳಮರ್ಮ ಬಲ್ಲವನೂ ಅಲ್ಲ. ಕನ್ನಡ ಕಾವ್ಯವನ್ನು ಪಾಠ ಹೇಳಿ ನಿವೃತ್ತನಾದವನು. ಆದರೂ ಈ ವಿಷಯ ನನ್ನನ್ನು ಸೆಳೆದದ್ದಕ್ಕೆ ಕಾರಣವುಂಟು. ಯೂರೋಪಿನ ಈ ಚರಿತ್ರೆಯ ಎರಡು ಮುಖ್ಯ ಘಟ್ಟಗಳಲ್ಲಿ ನಮಗೆ ಎದುರಾಗುವವರು ಬರಹಗಾರರು.

ಮೊದಲನೆಯದು ನೆದರ್ಲೆಂಡ್ಸಿನ ಕತೆ. ಅಲ್ಲಿನ ಸರ್ಕಾರ 1930ರ ದಶಕದಲ್ಲಿ ಪ್ರತಿಯೊಬ್ಬ ನಿವಾಸಿಗೂ ಒಂದೊಂದು ಕಾರ್ಡಿನಂತೆ ಬಲು ಅಚ್ಚುಕಟ್ಟಾದ ದಾಖಲೆ ಇಟ್ಟಿತ್ತು. ಹೆಸರು, ವಿಳಾಸ, ಹುಟ್ಟಿದ ದಿನ ಇವುಗಳ ಜೊತೆಗೆ ಧರ್ಮವನ್ನೂ ಬರೆದಿಟ್ಟಿದ್ದರು. ಬರೆದವರಲ್ಲಿ ದುರುದ್ದೇಶವಿರಲಿಲ್ಲ, ಆಡಳಿತ ಸುಗಮವಾಗಲೆಂಬುದಷ್ಟೇ ಆಸೆ. 1940ರ ಮೇ ತಿಂಗಳಲ್ಲಿ ಹಿಟ್ಲರನ ಸೈನ್ಯ ಒಳನುಗ್ಗಿದಾಗ ಆ ಕಾರ್ಡುಗಳು ಸಿದ್ಧವಾಗಿದ್ದವು. ದೇಶದಲ್ಲಿದ್ದ ಸುಮಾರು 1,40,000 ಯೆಹೂದ್ಯರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಕೊಲೆಯಾದರು. ಅದಕ್ಕೆ ಕಾರಣಗಳು ಹಲವು. ದಾಖಲೆಯ ಆ ಅಚ್ಚುಕಟ್ಟುತನ ಅವುಗಳಲ್ಲೊಂದು. 1943ರ ಮಾರ್ಚ್ 27ರ ರಾತ್ರಿ ವಿಲೆಮ್ ಅರೊಂಡೇಯುಸ್ ಎಂಬ ಚಿತ್ರಕಾರ, ಲೇಖಕ, ತನ್ನ ಸಂಗಡಿಗರೊಡನೆ ಪೋಲೀಸರ ವೇಷ ತೊಟ್ಟು ಆಮ್‌ಸ್ಟರ್‌ಡ್ಯಾಮಿನ ದಾಖಲೆ ಕಚೇರಿಗೆ ಬೆಂಕಿಯಿಟ್ಟ. ಸುಟ್ಟದ್ದು ಒಂದು ಪಾಲು ಮಾತ್ರ. ಜುಲೈ 1ರಂದು ಅವನನ್ನೂ ಅವನ ಜೊತೆಯವರನ್ನೂ ಗುಂಡಿಕ್ಕಿ ಕೊಂದರು. ಪುಸ್ತಕ ಬರೆದ ಕೈಯೇ ಕಾಗದಕ್ಕೆ ಬೆಂಕಿ ಹಚ್ಚಬೇಕಾಗಿ ಬಂದಿತೆಂದರೆ ಆ ಕಾಗದದಲ್ಲಿದ್ದ ಒಂದೇ ಒಂದು ಕಲಮಿನ ಘೋರತೆ ಎಷ್ಟೆಂಬುದನ್ನು ಊಹಿಸಬಹುದು.

ಎರಡನೆಯದು ಪೂರ್ವ ಜರ್ಮನಿಯದು. ಅಲ್ಲಿನ ಗುಪ್ತ ಪೋಲೀಸು ಇಲಾಖೆಗೆ ಸ್ಟಾಸಿ ಎಂದು ಹೆಸರು. 1989ರ ಹೊತ್ತಿಗೆ ಅದರಲ್ಲಿ ಸುಮಾರು 91,000 ಮಂದಿ ಪೂರ್ಣಾವಧಿ ನೌಕರರಿದ್ದರು. ಅವರ ಹೊರತಾಗಿ ನೆರೆಹೊರೆಯವರೊಳಗೆ, ಸಹೋದ್ಯೋಗಿಗಳೊಳಗೆ ಬೆರೆತಿದ್ದ ಮಾಹಿತಿದಾರರ ಸಂಖ್ಯೆ ಒಂದೂವರೆ ಲಕ್ಷವನ್ನು ಮೀರುತ್ತಿತ್ತು. ಅಂಚೆಯ ಲಕೋಟೆಗಳನ್ನು ಹಬೆ ಹಿಡಿದು ಬಿಡಿಸಿ, ಓದಿ, ಮತ್ತೆ ಅಂಟಿಸುವುದಕ್ಕೆಂದೇ ಒಂದು ವಿಭಾಗವಿತ್ತು. ರೈನರ್ ಕುಂತ್ಸೆ ಎಂಬ ಕವಿಯನ್ನು ಈ ಇಲಾಖೆ ವರ್ಷಗಟ್ಟಲೆ ಬೆನ್ನು ಹತ್ತಿತ್ತು. ಆತ 1977ರಲ್ಲಿ ದೇಶವನ್ನೇ ಬಿಟ್ಟು ಪಶ್ಚಿಮಕ್ಕೆ ಹೋದ. ಆ ರಾಜ್ಯ ಕುಸಿದ ಮೇಲೆ ತನ್ನ ಕಡತವನ್ನು ತಾನೇ ತೆರೆದು ನೋಡಿದ. ಹನ್ನೆರಡು ಸಂಪುಟಗಳು, ಮೂರು ಸಾವಿರಕ್ಕೂ ಮೀರಿದ ಪುಟಗಳು. ಕಡತಕ್ಕೆ ಪೋಲೀಸರು ಇಟ್ಟಿದ್ದ ಗುಪ್ತನಾಮ ‘ಲಿರಿಕ್’, ಅಂದರೆ ಭಾವಗೀತೆ. ಸ್ನೇಹಿತನೆಂದು ಬಂದುಹೋಗುತ್ತಿದ್ದವನ ವರದಿಗಳೂ ಅದರಲ್ಲಿದ್ದವು. 1990ರಲ್ಲಿ ಆತ ಅದರ ಭಾಗಗಳನ್ನು ಆ ಗುಪ್ತನಾಮದಿಂದಲೇ ಪುಸ್ತಕವಾಗಿ ಪ್ರಕಟಿಸಿದ. ಒಬ್ಬ ಕವಿಯ ಬಾಳಿನ ಅತಿ ದೀರ್ಘ ವ್ಯಾಖ್ಯಾನವನ್ನು ಬರೆದವರು ಪೋಲೀಸರು ಎಂಬುದು ವಿಮರ್ಶೆಯ ಚರಿತ್ರೆಯಲ್ಲೇ ಒಂದು ಕ್ರೂರ ವಿನೋದ.

ಈ ಎರಡು ನೆನಪುಗಳನ್ನು ಹಿನ್ನೆಲೆಯಲ್ಲಿರಿಸಿಕೊಂಡು ನೋಡಿದರೆ ಯೂರೋಪಿನ ಕಾನೂನುಗಳ ಒಳದನಿ ಕೇಳಿಸುತ್ತದೆ. 1970ರಲ್ಲಿ ಪಶ್ಚಿಮ ಜರ್ಮನಿಯ ಹೆಸ್ಸೆ ಪ್ರಾಂತ್ಯ ಮಾಹಿತಿ ರಕ್ಷಣೆಗಾಗಿ ಜಗತ್ತಿನಲ್ಲೇ ಮೊದಲ ಶಾಸನವನ್ನು ಮಾಡಿತು. 1983ರಲ್ಲಿ ಅದೇ ದೇಶದಲ್ಲಿ ಜನಗಣತಿಯೊಂದು ನಿಗದಿಯಾದಾಗ ಜನ ಪ್ರತಿಭಟಿಸಿ ಸಂವಿಧಾನ ನ್ಯಾಯಾಲಯದ ಮೆಟ್ಟಿಲೇರಿದರು. ಡಿಸೆಂಬರ್ 15ರಂದು ಬಂದ ತೀರ್ಪು ಇಂದಿಗೂ ಈ ವಿಚಾರಕ್ಕೆ ಮೂಲಸೂತ್ರದಂತಿದೆ. ತನ್ನ ವಿವರಗಳು ಎಲ್ಲಿಗೆ ಹೋಗಬೇಕು, ಯಾವುದಕ್ಕೆ ಬಳಕೆಯಾಗಬೇಕು ಎಂಬುದನ್ನು ನಿರ್ಧರಿಸುವವನು ಮೂಲತಃ ಆ ವ್ಯಕ್ತಿಯೇ ಎಂದು ನ್ಯಾಯಾಲಯ ಹೇಳಿತು. ಅದಕ್ಕೆ ಕೊಟ್ಟ ಕಾರಣ ಇನ್ನೂ ಸೂಕ್ಷ್ಮವಾದುದು. ತನ್ನ ನಡೆಯನ್ನು ಯಾರೋ ಬರೆದಿಡುತ್ತಿರಬಹುದೆಂಬ ಅನುಮಾನವಿದ್ದವನು ಕಣ್ಣಿಗೆ ಬೀಳದಂತೆ ನಡೆಯತೊಡಗುತ್ತಾನೆ. ಸಭೆಗೆ ಹೋಗುವುದನ್ನು ಬಿಡುತ್ತಾನೆ, ಸಂಘ ಸೇರುವುದನ್ನು ಬಿಡುತ್ತಾನೆ. ನಷ್ಟ ಅವನೊಬ್ಬನದೇ ಅಲ್ಲ, ಪ್ರಜಾಪ್ರಭುತ್ವದ್ದು ಎಂಬುದು ಆ ತೀರ್ಪಿನ ತಾತ್ಪರ್ಯ.

ಇಷ್ಟಾದರೂ ಯೂರೋಪು ಈ ವಿವೇಕದಲ್ಲಿ ಸದಾ ನೆಲೆನಿಂತಿತೆಂದು ಹೇಳಲಾಗದು. 2004ರಲ್ಲಿ ಮ್ಯಾಡ್ರಿಡ್, 2005ರಲ್ಲಿ ಲಂಡನ್ ನಗರಗಳ ರೈಲುಗಳಲ್ಲಿ ಬಾಂಬು ಸಿಡಿದು ಅಮಾಯಕರು ಸತ್ತರು. ಭಯ ನ್ಯಾಯವಾದದ್ದೇ. 2006ರಲ್ಲಿ ಯೂರೋಪಿನ ಒಕ್ಕೂಟ ಒಂದು ನಿರ್ದೇಶನ ಹೊರಡಿಸಿತು: ಪ್ರತಿಯೊಬ್ಬ ಪ್ರಜೆಯ ದೂರವಾಣಿ, ಅಂತರಜಾಲ ಸಂಪರ್ಕಗಳ ವಿವರವನ್ನು ಕಂಪೆನಿಗಳು ಆರು ತಿಂಗಳಿಂದ ಎರಡು ವರ್ಷದವರೆಗೆ ಕಾದಿರಿಸಬೇಕು. ಮಾತಿನ ಒಳಗನ್ನು ಮುಟ್ಟುವುದಿಲ್ಲ; ಯಾರು, ಯಾರಿಗೆ, ಯಾವಾಗ, ಎಲ್ಲಿಂದ ಎಂಬುದಿಷ್ಟೇ. ನಮ್ಮ ಉಪಮೆಯಲ್ಲಿ ಹೇಳುವುದಾದರೆ ಲಕೋಟೆಯನ್ನು ಬಿಚ್ಚುವುದಿಲ್ಲ, ಮೇಲಿನ ವಿಳಾಸವನ್ನೂ ಮುದ್ರೆಯನ್ನೂ ಬರೆದಿಟ್ಟುಕೊಳ್ಳುತ್ತೇವೆ ಎಂದಂತೆ. ಆದರೆ ಒಬ್ಬಾಕೆ ಕ್ಯಾನ್ಸರ್ ವೈದ್ಯರಿಗೆ, ಆಮೇಲೆ ತಂಗಿಗೆ, ಆಮೇಲೆ ವಕೀಲರಿಗೆ ಫೋನು ಮಾಡಿದಳೆಂದು ತಿಳಿದರೆ ಒಳಗಿನ ಕಾಗದ ಓದುವ ಅಗತ್ಯವಾದರೂ ಏನು? ಐರ್ಲೆಂಡಿನ ಒಂದು ಸಣ್ಣ ನಾಗರಿಕ ಸಂಸ್ಥೆ ಮತ್ತು ಆಸ್ಟ್ರಿಯಾದ ಹನ್ನೊಂದು ಸಾವಿರಕ್ಕೂ ಹೆಚ್ಚು ಪ್ರಜೆಗಳು ಇದನ್ನು ಪ್ರಶ್ನಿಸಿದರು. 2014ರ ಏಪ್ರಿಲ್ 8ರಂದು ಯೂರೋಪಿನ ನ್ಯಾಯಾಲಯ ಆ ನಿರ್ದೇಶನವನ್ನು ಪೂರ್ತಿಯಾಗಿ ರದ್ದು ಮಾಡಿತು. ಅಪರಾಧದ ಸೋಂಕೂ ಇಲ್ಲದ ಕೋಟ್ಯಂತರ ಜನರನ್ನು ಒಟ್ಟಿಗೆ ಅನುಮಾನಕ್ಕೆ ಗುರಿಮಾಡುವುದು ಅತಿಯಾಯಿತೆಂಬುದು ಅದರ ನಿಲುವು.

ನೋಡುವ ಕಣ್ಣು ಸರ್ಕಾರದ್ದೊಂದೇ ಅಲ್ಲ, ವ್ಯಾಪಾರದ್ದೂ ಉಂಟು. ನಾವು ಏನನ್ನು ಹುಡುಕಿದೆವು, ಏನನ್ನು ಕೊಂಡೆವು ಎಂಬುದೇ ಇಂದು ಸರಕು. 2018ರ ಮೇ 25ರಿಂದ ಜಾರಿಯಲ್ಲಿರುವ ಯೂರೋಪಿನ ನಿಯಮಾವಳಿಯ ಪ್ರಕಾರ ಒಂದು ಉದ್ದೇಶಕ್ಕೆ ಪಡೆದ ವಿವರವನ್ನು ಅದಕ್ಕೆ ಹೊಂದದ ಬೇರೊಂದು ಉದ್ದೇಶಕ್ಕೆ ಬಳಸುವಂತಿಲ್ಲ; ನನ್ನ ಬಗೆಗೆ ನಿಮ್ಮಲ್ಲಿ ಏನಿದೆ ಎಂದು ಪ್ರಜೆ ಕೇಳಬಹುದು. ತಪ್ಪಿದ ಕಂಪೆನಿಯ ಜಾಗತಿಕ ವಹಿವಾಟಿನ ಶೇಕಡಾ 4ರವರೆಗೆ ದಂಡ ಹಾಕಬಹುದು. ಇದರಿಂದ ಎಲ್ಲವೂ ನೆಟ್ಟಗಾಯಿತೆಂದಲ್ಲ. ಒಪ್ಪಿಗೆ ಕೇಳುವ ಉದ್ದುದ್ದ ಬರಹವನ್ನು ಓದದೆಯೇ ಗುಂಡಿ ಒತ್ತುವವರು ಅಲ್ಲಿಯೂ ಇದ್ದಾರೆ, ಇಲ್ಲಿಯೂ ಇದ್ದಾರೆ.

ಇನ್ನು ಅತ್ಯಂತ ಕಠಿಣವಾದ ಪ್ರಶ್ನೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಚಿತ್ರಗಳು ಖಾಸಗಿ ಸಂದೇಶಗಳ ಮರೆಯಲ್ಲಿ ಹರಿದಾಡುತ್ತವೆ. ಇದನ್ನು ತಡೆಯಲು 2022ರ ಮೇ ತಿಂಗಳಲ್ಲಿ ಯೂರೋಪಿನ ಆಯೋಗ ಒಂದು ಕರಡನ್ನು ಮುಂದಿಟ್ಟಿತು. ಅದರಂತೆ ಸಂದೇಶ ಸೇವೆಗಳಿಗೆ, ಬೀಗಮುದ್ರೆಯುಳ್ಳ ಸಂದೇಶಗಳನ್ನೂ ಸೇರಿಸಿ, ಯಂತ್ರದಿಂದ ಶೋಧಿಸುವಂತೆ ಆಜ್ಞೆ ಮಾಡಬಹುದಾಗಿತ್ತು. ಲಕೋಟೆಗೆ ಅಂಟು ಹಚ್ಚುವ ಮೊದಲೇ ಬರೆಯುವವರ ಬೆನ್ನ ಹಿಂದೆ ನಿಂತು ಓದಿದಂತೆ ಇದು ಎಂದು ಹಲವು ತಜ್ಞರು ವಿರೋಧಿಸಿದರು. ವರ್ಷಗಟ್ಟಲೆ ವಾದ ನಡೆಯಿತು. ಮಗುವಿನ ನೋವನ್ನು ಮುಂದಿಟ್ಟು ಕೇಳುವವರಿಗೆ ಉತ್ತರಿಸುವುದು ಸುಲಭವಲ್ಲ, ಉಡಾಫೆಯಿಂದಂತೂ ಉತ್ತರಿಸಬಾರದು. ಆದರೆ ಒಬ್ಬ ಅಪರಾಧಿಗಾಗಿ ಎಲ್ಲರ ಬೀಗವನ್ನೂ ಸಡಿಲಿಸಿದರೆ ಆ ಸಡಿಲ ಬೀಗ ಮಗುವಿನ ಕೋಣೆಗೂ ಇರುತ್ತದೆ. 2024ರ ಫೆಬ್ರವರಿಯಲ್ಲಿ ರಷ್ಯದ ಪ್ರಜೆಯೊಬ್ಬನ ಮೊಕದ್ದಮೆಯಲ್ಲಿ ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಇಂಥದೇ ಅಭಿಪ್ರಾಯಕ್ಕೆ ಬಂದಿತು.

‘ನಾನು ತಪ್ಪು ಮಾಡಿಲ್ಲ, ನನಗೇಕೆ ಭಯ?’ ಎನ್ನುವವರುಂಟು. ಇವರಿಗೆ ನಮ್ಮ ಭಾಷೆಯೇ ಉತ್ತರ ಕೊಡುತ್ತದೆ. ಕನ್ನಡದಲ್ಲಿ ಗುಟ್ಟು ಬೇರೆ, ಅಂತರಂಗ ಬೇರೆ. ಗುಟ್ಟು ಬಯಲಾದರೆ ನಾಚಿಕೆಯೋ ಶಿಕ್ಷೆಯೋ ಬರಬಹುದು. ಅಂತರಂಗದಲ್ಲಿ ಬಯಲಾಗಬಾರದ್ದೇನೂ ಇಲ್ಲದಿರಬಹುದು. ಆದರೂ ಅದನ್ನು ಯಾರ ಮುಂದೆ ತೆರೆಯಬೇಕೆಂಬುದು ನಮ್ಮ ಇಚ್ಛೆ. ಭಕ್ತ ದೇವರ ಮುಂದೆ ತೆರೆಯುತ್ತಾನೆ, ಗೆಳತಿ ಗೆಳತಿಯ ಮುಂದೆ ತೆರೆಯುತ್ತಾಳೆ, ಕವಿ ಹತ್ತು ಸಲ ಹೊಡೆದು ತಿದ್ದಿದ ಮೇಲೆ ಲೋಕದ ಮುಂದೆ ತೆರೆಯುತ್ತಾನೆ. ಹೊಡೆದುಹಾಕಿದ ಆ ಸಾಲುಗಳನ್ನೂ ಯಾರೋ ಓದುತ್ತಿದ್ದಾರೆಂದು ತಿಳಿದರೆ ಆತ ಬರೆಯುವ ಕವಿತೆ ಬೇರೆಯೇ ಆಗುತ್ತದೆ. ಬಹುಶಃ ಅವನು ಬರೆಯದೆಯೇ ಹೋಗಬಹುದು.

ಈ ಚಿಂತನೆಯ ಪಾಲು ನಮ್ಮ ನೆಲದಲ್ಲೂ ಉಂಟು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕೆಂದು ಸಾರಿದರು. ಮರುವರ್ಷ ಆಧಾರ್ ಕಾಯಿದೆಯನ್ನು ಕೆಲವು ಮಿತಿಗಳೊಡನೆ ಎತ್ತಿಹಿಡಿದದ್ದೂ ಅದೇ ನ್ಯಾಯಾಲಯ. 2023ರಲ್ಲಿ ನಮ್ಮ ಸಂಸತ್ತು ಮಾಹಿತಿ ರಕ್ಷಣೆಯ ಕಾಯಿದೆ ಮಾಡಿತು. ತನ್ನ ಅಂಗಸಂಸ್ಥೆಗಳಿಗೆ ಅದರಿಂದ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಅದರೊಳಗೇ ಇರಿಸಿತು.

ಕೋರ್ಟಿಗೆ ಹೋಗುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಆದರೆ ಒಂದು ಪ್ರಶ್ನೆ ಕೇಳುವ ಶಕ್ತಿ ಎಲ್ಲರಿಗೂ ಉಂಟು. ನೆದರ್ಲೆಂಡ್ಸಿನ ಆ ಕಾರ್ಡಿನಲ್ಲಿ ಧರ್ಮದ ಕಲಮಿತ್ತಲ್ಲ, ಅದನ್ನು ತುಂಬುವಾಗ ‘ಇದು ನಿಮಗೇಕೆ ಬೇಕು?’ ಎಂದು ಕೇಳುವುದು ಅಂದಿನ ಜನಕ್ಕೆ ಅನಗತ್ಯವೆಂದು ತೋರಿದ್ದೀತು. ಅಂಗಡಿಯಲ್ಲಿ ಬಿಲ್ಲಿನ ಜೊತೆಗೆ ಫೋನು ನಂಬರು ಕೇಳಿದಾಗ, ಶಾಲೆಯ ಅರ್ಜಿಯಲ್ಲಿ ಸಂಬಂಧವಿಲ್ಲದ ವಿವರ ಕೇಳಿದಾಗ, ಮೊಬೈಲಿನ ಹೊಸ ಸೌಲಭ್ಯವೊಂದು ನಮ್ಮ ಪರಿಚಿತರೆಲ್ಲರ ಹೆಸರು ಕೇಳಿದಾಗ, ಆ ಪ್ರಶ್ನೆಯನ್ನು ನಾವು ಮರ್ಯಾದೆಯಿಂದಲೇ ಕೇಳೋಣ. ಉತ್ತರ ಸರಿಯಾಗಿದ್ದರೆ ಕೊಡೋಣ. ಸರಿಯಾಗಿಲ್ಲದಿದ್ದರೆ ಆ ಕಲಮನ್ನು ಖಾಲಿ ಬಿಡೋಣ.