ಮಳೆಯ ಲೆಕ್ಕವೂ ಯಂತ್ರದ ಅಧ್ಯಾಹಾರವೂ

ಹಿರಿಯೂರಿನ ಸಮೀಪದ ಬಬ್ಬೂರು ಎಂದೊಡನೆ ಚಿತ್ರದುರ್ಗ ಸೀಮೆಯವರಿಗೆ ನೆನಪಾಗುವುದು ಅಲ್ಲಿನ ಕೃಷಿ ಸಂಶೋಧನಾ ಕೇಂದ್ರ. ‘ಬಬ್ಬೂರು ಫಾರಂ’ ಎಂದೇ ಅದು ಜನರ ಬಾಯಲ್ಲಿ ನೆಲೆಸಿದೆ. ಮಳೆ ಕಡಮೆಯಾದ ಸೀಮೆ ಇದು. 1907ರಲ್ಲಿ ಕಟ್ಟಿ ಮುಗಿಸಿದ ವಾಣೀವಿಲಾಸ ಸಾಗರವು 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಕೋಡಿ ಹರಿದುದು 2022ರಲ್ಲಿ. ಇಲ್ಲಿ ಹನಿಹನಿಗೂ ಲೆಕ್ಕವೇಕೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಮಳೆಯನ್ನು ಅಳೆಯುವ ಕ್ರಮ ಸರಳವಾದುದು. ಬೆಳಗಿನ ಎಂಟೂವರೆ ಗಂಟೆಗೆ ಮಳೆಮಾಪಕವನ್ನು ನೋಡಿ, ಹಿಂದಿನ ಇಪ್ಪತ್ತನಾಲ್ಕು ಗಂಟೆಗಳ ಮಳೆಯನ್ನು ಪುಸ್ತಕದಲ್ಲಿ ಬರೆಯುವುದು. ಆದರೆ ನೂರು ವರ್ಷದ ಪುಸ್ತಕಗಳನ್ನು ಕೂಡಿ ಕಳೆಯಲು ಕೈಬೆರಳು ಸಾಲದು, ಗಣಕಯಂತ್ರ ಬೇಕು. ಇಂಥ ಕೆಲಸಕ್ಕೆ ಹವಾಮಾನ ಪಂಡಿತರು ಇಂದಿಗೂ ಬಳಸುವ ಭಾಷೆಗಳಲ್ಲಿ ಒಂದು ಫೋರ್ಟ್ರಾನ್. 1957ರಲ್ಲಿ ಅಮೆರಿಕೆಯ ಐಬಿಎಂ ಸಂಸ್ಥೆಯಲ್ಲಿ ಜಾನ್ ಬ್ಯಾಕಸ್ ಮತ್ತು ಅವರ ಸಂಗಡಿಗರು ಇದನ್ನು ಹೊರತಂದರು. ಹೆಸರಿನ ಅರ್ಥ ‘ಸೂತ್ರಾನುವಾದ’ ಎಂದು.

ಭಾಷೆ ಎಂದ ಮೇಲೆ ಕನ್ನಡ ಮೇಷ್ಟರಿಗೂ ಒಂದು ಮಾತು ಹೇಳುವ ಅಧಿಕಾರವುಂಟಷ್ಟೆ! ವ್ಯಾಕರಣದಲ್ಲಿ ‘ಅಧ್ಯಾಹಾರ’ ಎಂಬುದೊಂದಿದೆ. ಬಿಸಿಲಿನಿಂದ ಬಂದವನು ‘ನೀರು’ ಎಂದರೆ ‘ಕೊಡಿ’ ಎಂಬ ಪದವನ್ನು ನಾವೇ ತಂದುಕೊಳ್ಳುತ್ತೇವೆ. ನಾವು ಹೇಳದೆ ಬಿಟ್ಟದ್ದನ್ನು ಯಂತ್ರವೂ ಹೀಗೆಯೇ ತುಂಬಿಕೊಳ್ಳುತ್ತದೆ. ಆದರೆ ಅದು ನಮ್ಮ ಮುಖ ನೋಡಿ ತುಂಬುವುದಿಲ್ಲ, ತನ್ನ ವಾಡಿಕೆಯಂತೆ ತುಂಬುತ್ತದೆ. ಅಪಾಯವಿರುವುದು ಅಲ್ಲಿಯೇ.

ಮಳೆಯ ಪುಸ್ತಕ ಯಂತ್ರದಲ್ಲಿ ಒಂದು ಕಡತವಾಗಿರುತ್ತದೆ. ಅದನ್ನು ತೆರೆಯುವ ಆಜ್ಞೆ ‘ಓಪನ್’. ‘ಫೋರ್ಟ್ರಾನ್ 77’ ಎಂಬ ಪ್ರಮಾಣಗ್ರಂಥದಲ್ಲಿ ಅದು ಈ ಭಾಷೆಗೆ ಸೇರಿತು. ತೆರೆಯುವಾಗ ‘ಇದು ಹಳೆಯ ಕಡತ’ ಎಂದು ಹೇಳಿದ್ದರೆ, ಹೆಸರಿನಲ್ಲಿ ಒಂದಕ್ಷರ ತಪ್ಪಿದಾಗ ಯಂತ್ರ ‘ಅಂಥ ಕಡತವಿಲ್ಲ’ ಎಂದು ನಿಲ್ಲುತ್ತದೆ. ಹೇಳದಿದ್ದರೆ ಸಾಮಾನ್ಯವಾಗಿ ಆ ತಪ್ಪು ಹೆಸರಿನಲ್ಲಿ ಹೊಸದೊಂದು ಖಾಲಿ ಕಡತವನ್ನು ಹುಟ್ಟಿಸಿ ಸುಮ್ಮನಾಗುತ್ತದೆ. ಇನ್ನೂ ದೊಡ್ಡ ಅಪಾಯವೊಂದಿದೆ. ಇಂದಿನ ಮಳೆಯನ್ನು ಸೇರಿಸಲು ಹಳೆಯ ಕಡತವನ್ನು ತೆರೆಯುತ್ತೇವೆ. ‘ಕೊನೆಯಲ್ಲಿ ಬರೆ’ ಎಂದು ಹೇಳುವುದಿಲ್ಲ. ಯಂತ್ರ ಸಾಮಾನ್ಯವಾಗಿ ಮೊದಲ ಸಾಲಿನಲ್ಲೇ ಬರೆಯುತ್ತದೆ. ಆ ಸಾಲಿನ ಮುಂದಿನದೆಲ್ಲ ಹೊರಟುಹೋಗುತ್ತದೆ. ಒಂದು ದಿನದ ಮಳೆಯಲ್ಲಿ ಎಷ್ಟೋ ವರ್ಷಗಳ ಮಳೆ ಕೊಚ್ಚಿಹೋದಂತಾಯಿತು. ‘ಅಪೆಂಡ್’ ಎಂಬ ಒಂದು ಮಾತು ಅದನ್ನು ಉಳಿಸುತ್ತದೆ. ಬರಿಯ ಓದಿಗಾಗಿ ತೆರೆಯುವಾಗ ‘ಓದಲು ಮಾತ್ರ’ ಎಂದು ವಿಧಿಸಿದರಂತೂ ಬರೆಯುವ ಭಯವೇ ಇಲ್ಲ.

ಎರಡನೆಯದು ಖಾಲಿ ಜಾಗದ ಮಾತು. ಯಾವುದೋ ಕಾರಣದಿಂದ ಒಂದು ದಿನ ಮಳೆಮಾಪಕವನ್ನು ನೋಡಲಾಗಲಿಲ್ಲ, ಅಂಕಣ ಖಾಲಿ ಉಳಿಯಿತು ಎನ್ನೋಣ. ಅಂಕಣಗಳ ಅಗಲವನ್ನು ಗೊತ್ತುಮಾಡಿ ಓದಿಸುವ ಕ್ರಮದಲ್ಲಿ, ಫೋರ್ಟ್ರಾನ್ ಬರಿಯ ಖಾಲಿ ಅಂಕಣವನ್ನು ಸೊನ್ನೆ ಎಂದೇ ಓದುತ್ತದೆ. ‘ನೋಡಲಿಲ್ಲ’ ಎಂಬುದು ‘ಮಳೆ ಬರಲಿಲ್ಲ’ ಎಂದಾಗುತ್ತದೆ! ಬಿತ್ತನೆಯ ದಿನ ಗೊತ್ತುಮಾಡುವುದಕ್ಕೆ, ಬೆಳೆವಿಮೆಯ ಲೆಕ್ಕಕ್ಕೆ, ಇವೆರಡರ ನಡುವಣ ಅಂತರ ಸಣ್ಣದೇ? ಆದಕಾರಣ ಖಾಲಿ ಬಿಡದೆ –999ರಂಥ ಅಸಂಭವ ಸಂಖ್ಯೆಯನ್ನು ಬರೆದು, ಕೂಡಿಸುವ ಮುನ್ನ ಅದನ್ನು ಬೇರ್ಪಡಿಸುವ ಪದ್ಧತಿ ಬಂದಿದೆ.

ಮೂರನೆಯದು ಅಳತೆಯ ಮಾತು. ನಮ್ಮ ಹವಾಮಾನ ಇಲಾಖೆ 1901ರಿಂದ ಈಚಿನ ದಿನದಿನದ ಮಳೆಯನ್ನು, ದೇಶದ ಭೂಪಟದ ಮೇಲೆ ಕಾಲು ಡಿಗ್ರಿಗೊಂದು ಗೆರೆಯೆಳೆದು ಸಂಖ್ಯೆಗಳಾಗಿ ಕೊಟ್ಟಿದೆ. ಅಡ್ಡಕ್ಕೆ 135, ಉದ್ದಕ್ಕೆ 129. ದಿನವೊಂದಕ್ಕೆ 17,415 ಸಂಖ್ಯೆಗಳು. ಬಬ್ಬೂರಿನ ಮಳೆಯೂ ಅದರಲ್ಲಿ ಅಡಗಿದೆ. ಸಂಖ್ಯೆಯೊಂದಕ್ಕೆ ನಾಲ್ಕು ಬೈಟ್ ಸ್ಥಳ ಬೇಕು. ಒಂದು ದಿನದ ಪುಟಕ್ಕೆ 69,660 ಬೈಟ್. ಈ ಪುಟದ ಅಳತೆಯನ್ನು ಯಂತ್ರಕ್ಕೆ ನಾವೇ ಹೇಳಬೇಕು.

ಇಲ್ಲಿ ಛಂದಸ್ಸನ್ನು ನೆನೆಯಿರಿ. ‘ಬಬ್ಬೂರು’ ಎಂಬುದು ಅಕ್ಷರಗಳಲ್ಲಿ ಮೂರು, ಮಾತ್ರೆಗಳಲ್ಲಿ ಐದು. ಎಣಿಕೆ ಯಾವುದರಿಂದ ಎಂದು ತಿಳಿಯದೆ ಗಣ ವಿಭಾಗಿಸಿದರೆ ಪದ್ಯ ಕೆಟ್ಟಿತು. ಫೋರ್ಟ್ರಾನನ್ನು ಯಂತ್ರಕ್ಕೆ ತಿಳಿಯುವಂತೆ ಮಾಡುವ ಅನುವಾದಕಗಳೂ ಹೀಗೆಯೇ. ಜಿಫೋರ್ಟ್ರಾನ್ ಎಂಬುದು ಬೈಟುಗಳಲ್ಲಿ ಎಣಿಸುತ್ತದೆ. ಇಂಟೆಲ್ ಕಂಪನಿಯದು, ಬೇರೆ ಅಪ್ಪಣೆ ಇಲ್ಲದಿದ್ದರೆ, ನಾಲ್ಕು ಬೈಟುಗಳ ಕಟ್ಟನ್ನು ಒಂದೆಂದು ಎಣಿಸುತ್ತದೆ. ಅದಕ್ಕೆ 69,660 ಎಂದರೆ ನಾಲ್ಕು ದಿನಗಳನ್ನು ಒಂದೇ ಪುಟವೆಂದು ತಿಳಿಯುತ್ತದೆ. ಜನವರಿ 2ರ ಮಳೆ ಕೇಳಿದರೆ ಜನವರಿ 5ರದು ಬರುತ್ತದೆ. 3ರದು ಕೇಳಿದರೆ 9ರದು. ಏಪ್ರಿಲಿನ ಮೊದಲ ವಾರಕ್ಕೇ ವರ್ಷದ ಕಡತ ಮುಗಿದುಹೋಗುತ್ತದೆ; ಮುಂಗಾರು ಕಾಣುವುದೇ ಇಲ್ಲ. ಮೊದಲ ದಿನ ಸರಿಯಾಗಿಯೇ ಬರುವುದರಿಂದ, ಅದೊಂದನ್ನೇ ತಾಳೆ ನೋಡಿದವರಿಗೆ ಅನುಮಾನವೂ ಹುಟ್ಟದು. ಇದಕ್ಕೆ ಪರಿಹಾರ ಭಾಷೆಯಲ್ಲಿಯೇ ಇದೆ. ‘ಇಷ್ಟು ಸಂಖ್ಯೆಗಳಿಗೆ ನಿನ್ನ ಅಳತೆಯಲ್ಲಿ ಎಷ್ಟು?’ ಎಂದು ‘ಇನ್‌ಕ್ವೈರ್’ ಆಜ್ಞೆಯಿಂದ ಮೊದಲು ಯಂತ್ರವನ್ನೇ ಕೇಳಿ, ಅದು ಹೇಳಿದ ಅಳತೆಯನ್ನೇ ಕೊಡುವುದು.

ನಿಮ್ಮ ಮನೆಯ ಮಕ್ಕಳು ಈ ವಿದ್ಯೆಯನ್ನು ಕಲಿಯುತ್ತಿರಬಹುದು. ಕಡತ ಹಳೆಯದೋ ಹೊಸದೋ, ಓದುವುದಕ್ಕೋ ಬರೆಯುವುದಕ್ಕೋ, ಎಲ್ಲಿಂದ, ಯಾವ ಅಳತೆಯಲ್ಲಿ ಎಂಬುದನ್ನೆಲ್ಲ ಬಾಯಿಬಿಟ್ಟು ಹೇಳುವ ಅಭ್ಯಾಸ ಅವರಿಗಾಗಲಿ. ಕಾವ್ಯದಲ್ಲಿ ಹೇಳದೆ ಬಿಟ್ಟದ್ದು ಸೊಗಸಾಗಬಹುದು. ಮಳೆಯನ್ನೇ ನಂಬಿ ಬದುಕುವ ಊರಿನ ಲೆಕ್ಕದಲ್ಲಿ ಹೇಳದೆ ಬಿಟ್ಟದ್ದು ರೈತನಿಗೆ ನಷ್ಟವಾದೀತು.