ಹೋಬಳಿಯ ಶಾಲೆಗಳೂ ಊರಿನ ಹೊಣೆಯೂ

(ಪರಶುರಾಂಪುರದಲ್ಲಿ ಉಪಾಧ್ಯಾಯರ ಮತ್ತು ಪಾಲಕರ ಮುಂದೆ ಮಾಡಿದ ಭಾಷಣ)



ವಿದ್ಯಾಭ್ಯಾಸದ ವಿಷಯವಾಗಿ ನಾಲ್ಕು ಮಾತುಗಳನ್ನು ಹೇಳಬೇಕೆಂದು ತಾವು ನಮಗೆ ಅಪ್ಪಣೆ ಮಾಡಿದ್ದೀರಿ. ಉಪಾಧ್ಯಾಯರ ಮುಂದೆ ನಿಂತು ವಿದ್ಯೆಯ ಮಹಿಮೆಯನ್ನು ವರ್ಣಿಸುವುದು ಮಲೆನಾಡಿನವರಿಗೆ ಮಳೆಯ ಸುದ್ದಿ ಹೇಳಿದಂತೆ. ಆದುದರಿಂದ ಆ ಗೋಜಿಗೆ ನಾವು ಹೋಗುವುದಿಲ್ಲ. ಈ ಹೋಬಳಿಯ ಶಾಲೆಗಳನ್ನು ನಡೆಯಿಸತಕ್ಕವರು ಯಾರು? ಅದಕ್ಕೆ ಹಣವು ಎಲ್ಲಿಂದ ಬರುತ್ತದೆ? ಕೆಲಸವು ನೆಟ್ಟಗೆ ನಡೆಯುತ್ತಿದೆಯೋ ಇಲ್ಲವೋ ಎಂದು ನೋಡತಕ್ಕವರು ಯಾರು? ಈ ಮೂರು ಪ್ರಶ್ನೆಗಳನ್ನು ಮಾತ್ರ ತಮ್ಮ ಮುಂದಿಡುತ್ತೇವೆ.

ಅಮೇರಿಕೆಯ ಪದ್ಧತಿ

ಊರಿನ ಶಾಲೆಯನ್ನು ಊರೇ ಆಳುವ ಪದ್ಧತಿಗೆ ಅಮೇರಿಕಾ ದೇಶವು ಹೆಸರಾಗಿದೆ. 1647ರಷ್ಟು ಹಿಂದೆಯೇ ಅಲ್ಲಿಯ ಮ್ಯಾಸಚೂಸೆಟ್ಸ್ ಪ್ರಾಂತದಲ್ಲಿ ಒಂದು ಕಟ್ಟಳೆಯಾಯಿತು: ಐವತ್ತು ಮನೆಗಳುಳ್ಳ ಊರು ಓದುಬರಹ ಕಲಿಸುವುದಕ್ಕೆ ಒಬ್ಬ ಉಪಾಧ್ಯಾಯನನ್ನು ನಿಯಮಿಸಬೇಕು, ನೂರು ಮನೆಗಳುಳ್ಳ ಊರು ಇನ್ನೂ ಮೇಲಿನ ಶಾಲೆಯನ್ನು ಇಡಬೇಕು. ಆ ಬೇರಿನಿಂದ ಬೆಳೆದದ್ದೇ ಅಲ್ಲಿಯ ಶಾಲಾ ಜಿಲ್ಲೆಗಳು. ಹೆಸರಿಗೆ ಜಿಲ್ಲೆಯಾದರೂ ಅವುಗಳಲ್ಲಿ ಅನೇಕವು ನಮ್ಮ ಹೋಬಳಿಗಿಂತ ದೊಡ್ಡವಲ್ಲ. 1940ರ ಸುಮಾರಿಗೆ ಅಂತಹವು ಒಂದು ಲಕ್ಷಕ್ಕೂ ಮೇಲ್ಪಟ್ಟು ಇದ್ದವು. ಒಂದರೊಡನೊಂದು ಕೂಡಿಹೋಗಿ ಈಗ ಸುಮಾರು 13,000 ಉಳಿದಿವೆ. ಸಾಮಾನ್ಯವಾಗಿ ಪ್ರತಿಯೊಂದಕ್ಕೂ ಜನರು ಆರಿಸಿದ ಮಂಡಲಿಯಿರುತ್ತದೆ. ಆ ಮಂಡಲಿಯು ಮೇಲಧಿಕಾರಿಯನ್ನೂ ಉಪಾಧ್ಯಾಯರನ್ನೂ ನಿಯಮಿಸುತ್ತದೆ. ಆಯವ್ಯಯವನ್ನು ಊರವರ ಮುಂದೆ ತೆರೆದಿಟ್ಟು ಒಪ್ಪಿಸುತ್ತದೆ. ವೆಚ್ಚದ ದೊಡ್ಡ ಪಾಲೊಂದು ಆ ಊರಿನ ಮನೆ ಜಮೀನುಗಳ ಮೇಲಿನ ತೆರಿಗೆಯಿಂದಲೇ ಬರುತ್ತದೆ. ತನ್ನ ಕೈಯಿಂದ ಹಣ ಕೊಟ್ಟವನು ಲೆಕ್ಕ ಕೇಳದೆ ಇರುವನೆ? ಅಲ್ಲಿಯ ಪಾಲಕನಿಗೆ ಶಾಲೆಯಲ್ಲಿರುವ ಆಸ್ಥೆಯ ಗುಟ್ಟು ಇದೇ.

ಆದರೆ ಹೊಳೆಯುವುದೆಲ್ಲ ಚಿನ್ನವಲ್ಲ. ಟೆಕ್ಸಾಸ್ ಪ್ರಾಂತದ ಸ್ಯಾನ್ ಆಂಟೋನಿಯೋ ನಗರದಲ್ಲಿ ಎಜ್‌ವುಡ್ ಎಂಬ ಬಡವರ ಶಾಲಾ ಜಿಲ್ಲೆಯೂ ಆಲಮೋ ಹೈಟ್ಸ್ ಎಂಬ ಸ್ಥಿತಿವಂತರ ಶಾಲಾ ಜಿಲ್ಲೆಯೂ ಇದ್ದವು. 1967-68ರಲ್ಲಿ ಬಡವರು ತಮ್ಮ ಸ್ವತ್ತಿನ ಮೌಲ್ಯದ ನೂರು ಡಾಲರಿಗೆ 1.05 ಡಾಲರಿನಂತೆ ತೆರಿಗೆ ತೆತ್ತರು, ಸ್ಥಿತಿವಂತರು 0.85 ಡಾಲರನ್ನು ಮಾತ್ರ ತೆತ್ತರು. ಹೀಗಿದ್ದೂ ಆ ತೆರಿಗೆಯಿಂದ ಬಡವರ ಶಾಲೆಗೆ ಮಗುವೊಂದಕ್ಕೆ ದೊರೆತದ್ದು 26 ಡಾಲರು. ಸ್ಥಿತಿವಂತರ ಶಾಲೆಗೆ 333 ಡಾಲರು! ಹೆಚ್ಚು ತೆತ್ತವನಿಗೆ ಕಡಿಮೆ, ಕಡಿಮೆ ತೆತ್ತವನಿಗೆ ಹೆಚ್ಚು. ಎಜ್‌ವುಡ್ಡಿನ ಪಾಲಕರು ನ್ಯಾಯಾಲಯಕ್ಕೆ ಹೋದರು. 1973ರಲ್ಲಿ ಆ ದೇಶದ ಅತ್ಯುಚ್ಚ ನ್ಯಾಯಾಲಯವು, ಐವರು ಒಂದು ಕಡೆ ನಾಲ್ವರು ಒಂದು ಕಡೆಯಾಗಿ, ಇದು ರಾಜ್ಯಾಂಗಕ್ಕೆ ವಿರುದ್ಧವಲ್ಲವೆಂದು ತೀರ್ಪುಕೊಟ್ಟಿತು. ಊರಿನ ಆಳ್ವಿಕೆಯು ಊರಿನ ಹಣದ ಮೇಲೆಯೇ ನಿಂತರೆ ಬಡ ಊರಿನ ಮಗುವಿನ ಗತಿ ಏನಾಗುವುದೆಂಬುದಕ್ಕೆ ಬೇರೆ ನಿದರ್ಶನವು ಬೇಕಿಲ್ಲ.

ನಮ್ಮ ಅನುಭವ

ಈ ಪರೀಕ್ಷೆಯನ್ನು ನಾವೂ ಮಾಡಿ ನೋಡಿದ್ದೇವೆಂಬುದನ್ನು ಬಹುಜನರು ಮರೆತಿದ್ದಾರೆ. ಹಿಂದೆ ಊರಿನ ಕೂಲಿಮಠವನ್ನು ಊರವರೇ ಸಾಕುತ್ತಿದ್ದರು. ಐಗಳಿಗೆ ಧಾನ್ಯ ಕೊಟ್ಟು, ಮರಳಿನ ಮೇಲೆ ಮಕ್ಕಳಿಂದ ಅಕ್ಷರ ತಿದ್ದಿಸುತ್ತಿದ್ದರು. ಮೈಸೂರು ಸೀಮೆಯಲ್ಲಿ ವಿದ್ಯಾ ಇಲಾಖೆಯು 1857ರಲ್ಲಿ ಹುಟ್ಟಿತು. ಶಾಸನಗಳ ಸಂಗ್ರಹದಿಂದ ನಮಗೆಲ್ಲ ಪರಿಚಿತರಾದ ಬಿ. ಎಲ್. ರೈಸರು ಆ ಇಲಾಖೆಯಲ್ಲಿದ್ದಾಗ, 1868ರಲ್ಲಿ ಹೋಬಳಿಗೊಂದು ಶಾಲೆಯೆಂಬ ಏರ್ಪಾಡನ್ನು ಹಾಕಿಕೊಟ್ಟರು. ಹೋಬಳಿಯೆಂಬುದು ಕಂದಾಯದ ಅಳತೆ ಮಾತ್ರವಲ್ಲ, ವಿದ್ಯೆಯ ಅಳತೆಯೂ ಹೌದೆಂದು ಒಪ್ಪಿದ ಕಾಲ ಅದು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಕಡ್ಡಾಯ ಪ್ರಾಥಮಿಕ ವಿದ್ಯಾಭ್ಯಾಸದ ಶಾಸನವಾಯಿತು.

ಆಮೇಲೆ 1930ರ ಶಾಸನವು ಪ್ರಾಥಮಿಕ ಶಾಲೆಗಳನ್ನು ಜಿಲ್ಲಾ ಬೋರ್ಡುಗಳ ವಶಕ್ಕೆ ಒಪ್ಪಿಸಿತು. ಜನರಿಂದ ಬಂದವರು ಜನರ ಶಾಲೆಯನ್ನು ನಡೆಯಿಸಲಿ ಎಂಬುದೇ ಅದರ ಉದ್ದೇಶ. ಆದರೆ ಬರದ ಸೀಮೆಯ ಬೋರ್ಡು ನೀರಾವರಿ ಸೀಮೆಯ ಬೋರ್ಡಿನ ಸಮಕ್ಕೆ ವೆಚ್ಚ ಮಾಡಲಾರದೆಂಬುದು ಯಾರಿಗಾದರೂ ತಿಳಿಯತಕ್ಕ ಮಾತು. ಹತ್ತು ವರುಷಗಳು ಕಳೆದ ಮೇಲೆ, 1941ರಲ್ಲಿ, ಸರಕಾರವು ಶಾಲೆಗಳನ್ನು ಪುನಃ ತನ್ನ ಕೈಗೆ ತೆಗೆದುಕೊಂಡಿತು.

ಆ ಕಾಲದಲ್ಲಿ ಕನ್ನಡಿಗರ ಮಕ್ಕಳು ಒಂದೇ ಭಾಷೆಯನ್ನಾಡುತ್ತ ಐದು ಬಗೆಯ ಆಡಳಿತಗಳ ಕೆಳಗೆ ಓದುತ್ತಿದ್ದರು. ಮುಂಬಯಿ ಕರ್ನಾಟಕದಲ್ಲಿ 1923ರ ಕಾಯಿದೆಯಂತೆ ಲೋಕಲ್ ಬೋರ್ಡಿನ ಶಾಲೆಗಳು. ಮದರಾಸಿಗೆ ಸೇರಿದ ಕಡೆಯಲ್ಲಿ ಮದರಾಸಿನ ಕ್ರಮ. ಹೈದರಾಬಾದಿನಲ್ಲಿ ಉರ್ದುವಿನ ಪ್ರಾಬಲ್ಯ. ಕೊಡಗಿನದು ಬೇರೆ, ಮೈಸೂರಿನದು ಬೇರೆ. ಚಿತ್ರದುರ್ಗದ ಸೀಮೆಯವರೇ ಆದ ಎಸ್. ನಿಜಲಿಂಗಪ್ಪನವರ ಮುಖಂಡತನದಲ್ಲಿ 1956ರ ನವೆಂಬರ್ 1ರಂದು ಒಂದಾದ ನಾಡಿನ ಸರಕಾರವು ಕೆಲಸಕ್ಕೆ ತೊಡಗಿದಾಗ ಈ ಐದು ಎಳೆಗಳನ್ನು ಹೊಸೆಯಬೇಕಾಯಿತು. 1961ರ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯಿದೆಯಿಂದ ಬೀದರಿಗೂ ಪರಶುರಾಂಪುರಕ್ಕೂ ಒಂದೇ ನಿಯಮವಾಯಿತು. ಏಕೀಕರಣವು ಭೂಪಟದ ಬಣ್ಣವನ್ನು ಮಾತ್ರ ಬದಲಿಸಲಿಲ್ಲ, ಶಾಲೆಯ ಹಾಜರಿ ಪುಸ್ತಕವನ್ನೂ ಬದಲಿಸಿತು.

ಈಗಿನ ಏರ್ಪಾಡು

ಈಗ ತಮ್ಮೂರಿನ ಸರಕಾರಿ ಶಾಲೆಯ ಉಪಾಧ್ಯಾಯರಿಗೆ ಸಂಬಳವು ರಾಜ್ಯದ ಬೊಕ್ಕಸದಿಂದ ಬರುತ್ತದೆ. ಜಿಲ್ಲೆಯಲ್ಲಿ ಉಪನಿರ್ದೇಶಕರು, ಚಳ್ಳಕೆರೆಯಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿಗಳು, ಅವರ ಕೆಳಗೆ ಕೆಲವು ಶಾಲೆಗಳನ್ನು ಕೂಡಿಸಿದ ಕ್ಲಸ್ಟರುಗಳು. ವರ್ಗಾವಣೆಗಳಿಗೆ ರಾಜ್ಯದ ಕಾಯಿದೆಯೇ ಇದೆ. ಇದರ ಗುಣವನ್ನು ನಾವು ಮೊದಲು ಒಪ್ಪಬೇಕು. ಮಳೆ ಬರಲಿ ಬಾರದಿರಲಿ, ಕಡಲೆಕಾಯಿ ಬೆಳೆ ಕೈಗೆ ಹತ್ತಲಿ ಹತ್ತದಿರಲಿ, ಉಪಾಧ್ಯಾಯರ ಸಂಬಳವು ನಿಲ್ಲುವುದಿಲ್ಲ. ವೇದಾವತಿಯು ಬತ್ತಿದ ವರುಷ ಶಾಲೆಯೂ ಬತ್ತಬೇಕಾಗಿಲ್ಲ. ಎಜ್‌ವುಡ್ಡಿನವರಿಗೆ ದೊರೆಯದ ಸೌಭಾಗ್ಯ ಇದು.

ಇದರ ದೋಷವೂ ಇದೆ. ಹಣವು ದೂರದಿಂದ ಬಂದಾಗ ಶಾಲೆಯು "ಸರಕಾರದ್ದು", ನಮ್ಮದಲ್ಲ ಎಂಬ ಭಾವನೆಯು ಊರಿನಲ್ಲಿ ಬೇರೂರುತ್ತದೆ. ಉಪಾಧ್ಯಾಯರ ಸ್ಥಳವು ತೆರವಾದರೆ ಕೇಳುವವರಿಲ್ಲ. ಗೋಡೆ ಬಿರಿದರೆ ನೋಡುವವರಿಲ್ಲ. ಈ ಕೊರತೆಯನ್ನು ನೀಗುವುದಕ್ಕಾಗಿಯೇ 2001ರಲ್ಲಿ ಸರಕಾರವು ಶಾಲೆಗೊಂದು ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯನ್ನು ಏರ್ಪಡಿಸಿತು. ಎಸ್‌ಡಿಎಂಸಿ ಎಂದು ತಾವು ಕರೆಯುವುದು ಇದನ್ನೇ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾಯಿದೆಯು ಇಂತಹ ಸಮಿತಿಗಳಿಗೆ ಇಡೀ ದೇಶದಲ್ಲಿ ಶಾಸನದ ಬಲವನ್ನು ಕೊಟ್ಟಿತು. ಸಮಿತಿಯಲ್ಲಿ ಮುಕ್ಕಾಲು ಪಾಲು ಜನರು ಪಾಲಕರೇ ಆಗಿರಬೇಕು, ಅರ್ಧದಷ್ಟು ಸ್ತ್ರೀಯರಿರಬೇಕು. ಶಾಲೆಯ ಕೆಲಸವನ್ನು ನೋಡುವುದು, ಬಂದ ಹಣವು ಹೇಗೆ ವೆಚ್ಚವಾಯಿತೆಂದು ಪರಿಶೀಲಿಸುವುದು, ಶಾಲೆಯ ಅಭಿವೃದ್ಧಿಯ ಯೋಜನೆಯನ್ನು ಬರೆಯುವುದು ಇವು ಅದರ ಕರ್ತವ್ಯಗಳು. ಆ ಯೋಜನೆಯೇ ಸರಕಾರದ ಅನುದಾನಕ್ಕೆ ಆಧಾರವಾಗತಕ್ಕದ್ದೆಂದೂ ಕಾಯಿದೆಯು ಹೇಳುತ್ತದೆ. ಅಂದಮೇಲೆ ಅಮೇರಿಕೆಯ ಮಂಡಲಿಯ ಕೆಲಸದಲ್ಲಿ ಅರ್ಧವು ತಮ್ಮ ಕೈಯಲ್ಲಿಯೇ ಇದೆ. ತೆರಿಗೆಯ ಭಾರ ಮಾತ್ರ ತಮ್ಮ ತಲೆಯ ಮೇಲಿಲ್ಲ. ಇಂತಹ ಅಧಿಕಾರವನ್ನು ಸ್ವಾತಂತ್ರ್ಯೋತ್ಸವದ ದಿನ ಧ್ವಜದ ಬಳಿ ನಿಲ್ಲುವುದಕ್ಕೆ ಮಾತ್ರ ಉಪಯೋಗಿಸಿಕೊಳ್ಳುವುದು ನ್ಯಾಯವೆ?

ಫಲಿತಾಂಶದ ಮಾತು

2023ರ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯು ಶೇಕಡಾ 96.80 ಪಡೆದು ರಾಜ್ಯಕ್ಕೇ ಮೊದಲನೆಯದಾಯಿತು. ಆ ವರುಷ ರಾಜ್ಯದ ಫಲಿತಾಂಶ 83.89. ಮರುವರುಷ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮರಾದ ಕಾವಲಿಟ್ಟರು. ಕೃಪಾಂಕಗಳನ್ನು ಹೆಚ್ಚಿಸಿದರೂ ರಾಜ್ಯದ ಫಲಿತಾಂಶವು 73.40ಕ್ಕೆ ಇಳಿಯಿತು. ಶೇಕಡಾ 94 ಪಡೆದ ಉಡುಪಿಯು ಮೊದಲಾಯಿತು. ನಮ್ಮ ಜಿಲ್ಲೆಯು ಮೇಲಿನ ಹತ್ತರಲ್ಲಿಯೂ ಉಳಿಯಲಿಲ್ಲ.

ಇದರಿಂದ ಯಾರನ್ನೂ ನಿಂದಿಸುವುದು ನಮ್ಮ ಉದ್ದೇಶವಲ್ಲ. ಒಂದು ವರುಷದಲ್ಲಿ ಉಪಾಧ್ಯಾಯರು ಬದಲಾಗಲಿಲ್ಲ, ಮಕ್ಕಳ ಬುದ್ಧಿಯೂ ಕುಂದಲಿಲ್ಲ; ಬದಲಾದದ್ದು ಅಳೆಯುವ ಕೋಲು. ಹತ್ತನೆಯ ತರಗತಿಯ ಕೊನೆಯಲ್ಲಿ ಅಳೆಯುವ ಕೋಲನ್ನೇ ನಂಬಿ ಕುಳಿತರೆ ಮೊದಲ ಒಂಬತ್ತು ವರುಷಗಳು ಕಣ್ಣು ತಪ್ಪಿಹೋಗುತ್ತವೆ. ಮೂರನೆಯ ತರಗತಿಯ ಮಗು ಕನ್ನಡದ ಒಂದು ಪುಟವನ್ನು ತಡವರಿಸದೆ ಓದುತ್ತದೆಯೆ? ಐದನೆಯದರಲ್ಲಿ ಭಾಗಾಕಾರ ಬರುತ್ತದೆಯೆ? ಏಳನೆಯದನ್ನು ಮುಗಿಸಿದ ಹೆಣ್ಣುಮಗು ಎಂಟನೆಯದಕ್ಕೆ ಬಂದಳೆ? ಇವನ್ನು ಕಂಡುಕೊಳ್ಳಲು ಕ್ಯಾಮರಾ ಬೇಡ; ಶಾಲೆಗೆ ಹೋಗಿ ಕುಳಿತುಕೊಳ್ಳುವ ಪಾಲಕರು ಬೇಕು.

ಗಡಿಯ ವಿಶೇಷ

ಈ ಸೀಮೆಗೆ ತನ್ನದೇ ಆದ ಕಷ್ಟಗಳಿವೆ. ನದಿಯು ಇಲ್ಲಿಂದ ಆಂಧ್ರಕ್ಕೆ ಇಳಿಯುತ್ತದೆ. ಭಾಷೆಗಳು ಎರಡೂ ದಡಗಳಲ್ಲಿ ಬೆರೆತಿವೆ. ಮನೆಯಲ್ಲಿ ತೆಲುಗನ್ನಾಡುವ ಮಗು ಶಾಲೆಯಲ್ಲಿ ಕನ್ನಡದ ಅಕ್ಷರವನ್ನು ತಿದ್ದುತ್ತದೆ. ಆ ಮಗುವಿನ ಮನೆಮಾತನ್ನು ಹಂಗಿಸಿ ಕನ್ನಡವನ್ನು ಬೆಳೆಸಲಾಗದು; ಅದರ ಮಾತಿನಿಂದಲೇ ಕನ್ನಡಕ್ಕೆ ಕೈಹಿಡಿದು ನಡೆಯಿಸುವ ಉಪಾಧ್ಯಾಯನೇ ನಿಜವಾದ ಕನ್ನಡ ಸೇವಕನು. ಇನ್ನು ಮ್ಯಾಸಬೇಡರ, ಕಾಡುಗೊಲ್ಲರ ಹಟ್ಟಿಗಳ ಮಕ್ಕಳು ದನಕುರಿಗಳ ಹಿಂದೆ ಹೋಗುವುದುಂಟು. ಕಡಲೆಕಾಯಿ ಕೀಳುವ ಕಾಲದಲ್ಲಿ ತರಗತಿಗಳು ಬರಿದಾಗುವುದುಂಟು. ಬೆಂಗಳೂರಿನಲ್ಲಿ ಕುಳಿತು ಬರೆದ ಸುತ್ತೋಲೆಗೆ ಕಡಲೆಕಾಯಿಯ ಕಾಲವು ಹೇಗೆ ತಿಳಿಯಬೇಕು? ಅದು ತಿಳಿದಿರುವುದು ಊರಿನ ಸಮಿತಿಗೆ.

ಇಂತಹ ನೆಲದಲ್ಲಿ ವಿದ್ಯೆ ಬೆಳೆಯದೆಂದು ಯಾರೂ ಹೇಳದಿರಲಿ. ಕುವೆಂಪು ಅವರಿಗೆ ಗುರುಗಳಾದ ಟಿ. ಎಸ್. ವೆಂಕಣ್ಣಯ್ಯನವರು ಈ ತಾಲ್ಲೂಕಿನ ತಳುಕಿನವರು. ಶಾಲೆಯ ಉಪಾಧ್ಯಾಯರಾಗಿ, ಗಮಕಿಗಳಾಗಿ ನಾಡಿನ ಗೌರವಕ್ಕೆ ಪಾತ್ರರಾದ ಬೆಳಗೆರೆ ಕೃಷ್ಣಶಾಸ್ತ್ರಿಗಳು ಇದೇ ವೇದಾವತಿಯ ದಡದವರು.

ಮಾಡತಕ್ಕ ಕೆಲಸ

ಆದುದರಿಂದ ನಾವು ತಮ್ಮಲ್ಲಿ ಬೇಡುವುದು ನಾಲ್ಕೇ ಕಾರ್ಯಗಳನ್ನು. ಮೊದಲನೆಯದು: ಪ್ರತಿಯೊಂದು ಶಾಲೆಯ ಸಮಿತಿಯೂ ತಿಂಗಳಿಗೊಮ್ಮೆ ಗೊತ್ತಾದ ದಿನ ಸೇರಲಿ, ಆ ದಿನ ತಾಯಂದಿರು ಬೆರಳೊತ್ತಿ ಎದ್ದುಹೋಗದೆ ಬಾಯಿಬಿಟ್ಟು ಮಾತಾಡಲಿ. ಎರಡನೆಯದು: ಬಂದ ಹಣ, ವೆಚ್ಚವಾದ ಹಣ ಇವೆರಡನ್ನೂ ಶಾಲೆಯ ಗೋಡೆಯ ಮೇಲೆ ಬರೆಯಿಸಿರಿ. ಮೊತ್ತವು ಚಿಕ್ಕದೆಂದು ಬಿಡಬೇಡಿರಿ. ಚಿಕ್ಕ ಹಣದ ಲೆಕ್ಕವೇ ದೊಡ್ಡ ಹಣವನ್ನು ಕೇಳುವ ಧೈರ್ಯವನ್ನು ಕೊಡುತ್ತದೆ. ಮೂರನೆಯದು: ಕಾಯಿದೆಯ ಅಳತೆಯನ್ನು ಬಾಯಿಪಾಠ ಮಾಡಿರಿ. ಕಿರಿಯ ತರಗತಿಗಳಲ್ಲಿ ಅರವತ್ತು ಮಕ್ಕಳವರೆಗೆ ಇಬ್ಬರು ಉಪಾಧ್ಯಾಯರು. ಐದನೆಯದರವರೆಗೆ ವರುಷಕ್ಕೆ 200 ದಿನಗಳ ಪಾಠ, ಆರರಿಂದ ಎಂಟರವರೆಗೆ 220 ದಿನಗಳು. ಜನಗಣತಿ, ಚುನಾವಣೆ, ವಿಪತ್ತುಗಳ ಪರಿಹಾರ ಇವನ್ನುಳಿದು ಉಪಾಧ್ಯಾಯರನ್ನು ಶಾಲೆಯ ಹೊರಗಿನ ಕೆಲಸಕ್ಕೆ ಎಳೆಯಕೂಡದು. ಈ ಅಳತೆಗೆ ಕಡಿಮೆಯಾದರೆ ಬರೆದು ಕೇಳಿರಿ, ಉತ್ತರ ಬರುವವರೆಗೂ ಕೇಳಿರಿ. ನಾಲ್ಕನೆಯದು: ಹೋಬಳಿಯ ಎಲ್ಲ ಸಮಿತಿಗಳೂ ವರುಷಕ್ಕೆರಡು ಸಲ ಒಂದೆಡೆ ಕೂಡಲಿ. ಒಂದು ಹಟ್ಟಿಯ ಶಾಲೆಯ ಅರ್ಜಿಯು ಕಡತದಲ್ಲಿ ಮಲಗೀತು. ಹೋಬಳಿಯ ಶಾಲೆಗಳೆಲ್ಲ ಕೂಡಿ ಬರೆದ ಅರ್ಜಿಯನ್ನು ಮಲಗಿಸುವುದು ಅಷ್ಟು ಸುಲಭವಲ್ಲ.

ಉಪಾಧ್ಯಾಯ ಬಂಧುಗಳಿಗೆ ಒಂದು ಮಾತು: ಪಾಲಕರು ಪ್ರಶ್ನೆ ಕೇಳಲು ಬಂದರೆ ಅದನ್ನು ಅಪಮಾನವೆಂದು ಎಣಿಸಬೇಡಿರಿ. ಯಾರೂ ಬಂದು ಕೇಳದ ಶಾಲೆಗಿಂತ ಅನಾಥವಾದದ್ದು ಬೇರೊಂದಿಲ್ಲ. ಪಾಲಕರಿಗೆ ಒಂದು ಮಾತು: ಕೇಳುವ ಹಕ್ಕಿನೊಡನೆ ಮಗುವನ್ನು ದಿನವೂ ಕಳುಹಿಸುವ ಕರ್ತವ್ಯವೂ ಅಂಟಿಕೊಂಡಿದೆ.

ಹಣವು ನಾಡಿನದಾಗಿರಲಿ, ಕಣ್ಣು ಊರಿನದಾಗಿರಲಿ. ಸಿರಿವಂತ ಊರಿಗೂ ಬಡ ಹಟ್ಟಿಗೂ ಒಂದೇ ಬೊಕ್ಕಸವೆಂಬುದು ಒಂದಾದ ನಾಡಿನಿಂದ ನಮಗೆ ದೊರೆತ ಲಾಭ. ಅದನ್ನು ಕಾಯುವುದು ವಿಧಾನಸಭೆಯ ಕೆಲಸವಾದರೆ, ಅದರ ಫಲವು ಪರಶುರಾಂಪುರದ ಕೊನೆಯ ಬೆಂಚಿನ ಮಗುವಿಗೆ ಮುಟ್ಟುವಂತೆ ಮಾಡುವುದು ಇಲ್ಲಿ ಕುಳಿತಿರುವ ತಮ್ಮ ಕೆಲಸ.