ರಾತ್ರಿ ಎಂಟಕ್ಕೂ ಅರಳಿರುವ ಸಂಜೆಮಲ್ಲಿಗೆ



ಕೈತೋಟದ ಬಗ್ಗೆ ಮಾತಾಡಿ ಎಂದಾಗ ನನಗೇ ನಗು ಬಂತು. ಓದಿದ್ದು ಎಂ.ಟೆಕ್., ಕೆಲಸ ಐ.ಟಿ. ಕಂಪನಿಯಲ್ಲಿ, ತೋಟ ಎಂದರೆ ಪುಣೆಯ ಫ್ಲಾಟಿನ ಬಾಲ್ಕನಿಯಲ್ಲಿರುವ ಆರು ಕುಂಡಗಳು. ಮೂರರಲ್ಲಿ ಸಂಜೆಮಲ್ಲಿಗೆ. ಇಲ್ಲಿಯವರು ಅದನ್ನು ಗುಲ್‌ಬಕ್ಷಿ ಅನ್ನುತ್ತಾರೆ.

ಮೊದಲು ದಾಸವಾಳ ಹಚ್ಚಿದ್ದೆ. ರಾತ್ರಿ ಎಂಟಕ್ಕೆ ಮನೆಗೆ ಬರುವ ನನಗೆ ಕಂಡಿದ್ದೆಲ್ಲ ಮುದುಡಿದ ಹೂವೇ. ಎರಡು ವರ್ಷದ ಹಿಂದೆ ಅಪ್ಪ ತೀರಿಕೊಂಡ ಮೇಲೆ ಅವ್ವ ಧಾರವಾಡದಿಂದ ನಮ್ಮಲ್ಲಿಗೆ ಬಂದಳು. ಬರುವಾಗ ಹಿತ್ತಲಿನ ಸಂಜೆಮಲ್ಲಿಗೆಯ ಬೀಜ ಕಟ್ಟಿಕೊಂಡು ಬಂದಿದ್ದಳು. ಇಡೀ ದಿನ ಒಬ್ಬಳೇ, ಮರಾಠಿ ಬಾರದು. ವಾರಕ್ಕೊಮ್ಮೆಯಾದರೂ "ನನ್ನ ಊರಿಗೆ ಬಿಟ್ಟು ಬಾರವಾ" ಅನ್ನುತ್ತಿದ್ದಳು.

ಮಳೆಗಾಲದ ಮೊದಲಲ್ಲಿ ಬೀಜ ಬಿತ್ತಿದೆವು. ರಾತ್ರಿ ನೆನೆಹಾಕಿ, ಒಂದು ಬೆರಳ ಗೆಣ್ಣಿನಷ್ಟು ಆಳಕ್ಕೆ ಊರಿದರೆ ಒಂದೆರಡು ವಾರದಲ್ಲಿ ಮೊಳಕೆ. ಕುಂಡ ಒಂದಡಿಯಾದರೂ ಆಳವಿರಲಿ, ಏಕೆಂದರೆ ಬೇರು ಗಡ್ಡೆಯಾಗುತ್ತದೆ. ಅರ್ಧ ದಿನದ ಬಿಸಿಲು ಸಾಕು. ನಾನು ಪ್ರೀತಿಯಿಂದ ಎರಡು ಹೊತ್ತು ನೀರು ಹಾಕಿ ಮೊದಲ ಗಿಡವನ್ನು ಕೊಳೆಸಿದೆ. ಮಣ್ಣಿನ ಮೇಲ್ಪದರ ಒಣಗಿದ ಮೇಲಷ್ಟೇ ನೀರು ಹಾಕಿ. ಗಿಡ ಒಣಗಿತೆಂದು ಕೀಳಬೇಡಿ. ಗಡ್ಡೆ ಚೆನ್ನಾಗಿದ್ದರೆ ಮಳೆಗೆ ಮತ್ತೆ ಚಿಗುರುತ್ತದೆ.

ಒಂದು ಎಚ್ಚರಿಕೆ. ಬೀಜ ನೋಡಲು ಥೇಟ್ ಕಾಳುಮೆಣಸು, ಆದರೆ ವಿಷ. ನಾನು ಹಳೆಯ ಮಸಾಲೆ ಬಾಟಲಿಯಲ್ಲಿಟ್ಟಿದ್ದೆ. ಅತ್ತೆಯವರು ಸಾರಿಗೆ ಕುಟ್ಟಲು ಕೈಗೆತ್ತಿಕೊಂಡಿದ್ದರು! ಅಂದಿನಿಂದ ಬೀಜಕ್ಕೆ ಅಡುಗೆಮನೆ ಪ್ರವೇಶವಿಲ್ಲ. ಮಕ್ಕಳ ಕೈಗೂ ಸಿಗದಂತೆ ಇಡಿ.

ಈ ಗಿಡದ ಮೂಲ ಅಮೆರಿಕ ಖಂಡಗಳ ಉಷ್ಣವಲಯ. 1909ರಲ್ಲಿ ಜರ್ಮನಿಯ ವಿಜ್ಞಾನಿ ಕಾರ್ಲ್ ಕೊರೆನ್ಸ್, ಎಲೆಯಲ್ಲಿ ಹಸಿರು-ಬಿಳಿ ಮಚ್ಚೆಯಿರುವ ಸಂಜೆಮಲ್ಲಿಗೆಯ ಮೇಲೆ ಪ್ರಯೋಗ ಮಾಡಿ ತೋರಿಸಿದ. ಪರಾಗ ಯಾವ ಕೊಂಬೆಯದೇ ಇರಲಿ, ಸಸಿಯ ಎಲೆಯ ಬಣ್ಣ ಬರುವುದು ತಾಯಿಯ ಕಡೆಯಿಂದಲೇ. ಅವ್ವನಿಗೆ ಹೇಳಿದೆ. "ಇದಕ್ಕ ಅಷ್ಟು ಓದಬೇಕಿತ್ತೇನ?" ಅಂದಳು.

ಹೂ ಬಿಡಲು ಶುರುವಾದ ಮೇಲೆ ಎದುರು ಮನೆಯ ಆಜಿ ಬೀಜ ಕೇಳಿಕೊಂಡು ಬಂದರು. ಅವರದು ಮರಾಠಿ, ಅವ್ವನದು ಕನ್ನಡ, ಆದರೂ ಮಾತು ನಡೆಯುತ್ತದೆ. ಈಗ ದಿನಾ ಸಂಜೆ ಐದಕ್ಕೆ, ಹೂ ಅರಳುವ ಹೊತ್ತಿಗೆ, ಇಬ್ಬರೂ ಬಾಲ್ಕನಿಯಲ್ಲಿ. ನನ್ನ ಮಗಳು ಉದುರಿದ ಹೂ ಆರಿಸುತ್ತಾ ಅವ್ವನ ಜೊತೆ ಕನ್ನಡದಲ್ಲೇ ಬಣ್ಣ ಎಣಿಸುತ್ತಾಳೆ. ಊರಿಗೆ ಬಿಡು ಅನ್ನುವುದು ಪೂರ್ತಿ ನಿಂತಿಲ್ಲ, ಕಡಿಮೆಯಾಗಿದೆ.

ಒಂದು ರಾತ್ರಿ ತಡವಾಗಿ ಬಂದಾಗ ಅವ್ವ ಅಂದಳು: "ಬೆಳಗಿನ ಹೂವು ನಿನಗ ಸಿಗಂಗಿಲ್ಲ. ಇವು ನೋಡು, ನೀ ಬರೂತನಕಾ ಕಾಯ್ತಾವು." ಹೂವಿನ ಬಗ್ಗೆ ಮಾತ್ರ ಹೇಳಿದ್ದಲ್ಲ ಎಂದು ನನಗೆ ತಿಳಿಯಿತು. ಈಗ ವಾರಕ್ಕೆ ಎರಡು ದಿನ ಐದಕ್ಕೆ ಮನೆಯಲ್ಲಿರುತ್ತೇನೆ. ಉಳಿದ ಕೆಲಸ ಮಗಳು ಮಲಗಿದ ಮೇಲೆ.

ಬಾಗಿಲ ಹತ್ತಿರ ಬೀಜದ ಪೊಟ್ಟಣಗಳಿವೆ, ಹೋಗುವಾಗ ಒಂದೊಂದು ತೆಗೆದುಕೊಳ್ಳಿ. ಮಸಾಲೆ ಡಬ್ಬಿಯಿಂದ ಮಾತ್ರ ದೂರ ಇಡಿ.